ಬಿಸಿಲು ಮಡಿಯ ಗಿಡ ಸಾಯುವುದು ಮಳೆಗಾಲದಲ್ಲಿ

ಒಣ ಬಿಸಿಲಿನ ಮಡಿಗೆ ಗಿಡ ಹುಡುಕುವಾಗ ಎಲ್ಲರ ತಲೆಯಲ್ಲಿರುವುದು ಏಪ್ರಿಲ್. ಮಲೆನಾಡಿನ ಮಟ್ಟಿಗೆ ಜುಲೈಯನ್ನು ಲೆಕ್ಕಕ್ಕೆ ಹಿಡಿಯಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆ ಅಪರೂಪ. ಅದೇ ಮಡಿ ಆರಿದ್ರಾದಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಒಣಗುವುದೇ ಇಲ್ಲ. ಬರ ತಾಳುತ್ತದೆಂದು ನಂಬಿ ತಂದ ಲ್ಯಾವೆಂಡರ್, ರೋಸ್‌ಮರಿ ಬೇಸಿಗೆ ದಾಟಿಯೂ ಪುನರ್ವಸು ಮಳೆಗೆ ಕೊಳೆಯುತ್ತವೆ. ಅವುಗಳ ತವರು ಮೆಡಿಟರೇನಿಯನ್ ತೀರ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಸೆಕೆ, ತೇವ ಎರಡೂ ಒಟ್ಟಿಗೆ ಬಂದರೆ ಅವು ತಡೆಯವು.

ಬೇರಿಗೂ ಉಸಿರಾಟವಿದೆ. ಗಾಳಿಗಿಂತ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ಸಂದುಗಳಲ್ಲಿ ನೀರು ನಿಂತು ಹೀಗೆ ಉಸಿರುಕಟ್ಟಿದ ಬೇರಿಗೆ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ರೋಗಾಣು ಸುಲಭವಾಗಿ ತಗಲುತ್ತದೆ. ಅಡಿಕೆಗೆ ಕೊಳೆರೋಗ, ಕಾಳುಮೆಣಸಿಗೆ ಸೊರಗು ರೋಗ ತರುವುದೂ ಇದೇ ಕುಲ. ಇದರ ಬೀಜಕಣಗಳು ನೀರಿನಲ್ಲಿ ಈಜಿ ಬೇರಿನಿಂದ ಬೇರಿಗೆ ಸಾಗುತ್ತವೆ. ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದರೆ ನೀರು ಹಾಕಬೇಡಿ, ಬುಡ ಕೆದಕಿ. ಬೇರಿನ ಸಿಪ್ಪೆ ಬೆರಳಿಗೆ ಜಾರಿ ಬಂದು ಒಳಗಿನ ನಾರು ಮಾತ್ರ ಉಳಿದರೆ ಅದು ಕೊಳೆ.

ಹಾಗಾಗಿ ಗಿಡಕ್ಕಿಂತ ಮೊದಲು ಮಡಿ. ಒಂದು ಅಡಿ ಆಳದ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ. ಮತ್ತೆ ತುಂಬಿ ಅಳೆಯಿರಿ. ಗಂಟೆಗೆ ಒಂದಿಂಚು ಇಳಿದರೆ ಅಡ್ಡಿಯಿಲ್ಲ. ಅದಕ್ಕಿಂತ ಕಡಿಮೆಯಾದರೆ ಮಡಿಯನ್ನು ಒಂದು ಅಡಿ ಎತ್ತರಿಸಿ: ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಹಳೆಯ ಗೊಬ್ಬರ. ತಳಕ್ಕೆ ಜಲ್ಲಿ ಸುರಿಯುವ ರೂಢಿ ಕೆಟ್ಟದ್ದು. ಸಣ್ಣ ಕಣಗಳ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭಕ್ಕೆ ಇಳಿಯದೆ ಜಲ್ಲಿಯ ಮೇಲೆಯೇ ಕೆಸರು ನಿಲ್ಲುತ್ತದೆ. ಸೂರಿನ ನೀರು ಧುಮುಕುವ ಸಾಲಿನಿಂದ ಮಡಿ ಕನಿಷ್ಠ ಎರಡು ಅಡಿ ದೂರವಿರಲಿ.

ಇನ್ನು ಗಿಡ. ನಮ್ಮ ಮೊದಲ ಆಯ್ಕೆ ಕೇಪಳ. ಜಂಬಿಟ್ಟಿಗೆ ಗುಡ್ಡದಲ್ಲಿ ಮಳೆ, ಬಿಸಿಲು ಎರಡನ್ನೂ ಉಂಡು ಬೆಳೆದದ್ದು. ಆದರೆ ಸಿಮೆಂಟ್ ಗೋಡೆಗೆ ಒತ್ತಿ ನೆಟ್ಟರೆ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಗಾರೆಯ ಸುಣ್ಣ ಮಣ್ಣಿಗೆ ಇಳಿದು ಹುಳಿಗುಣ ತಗ್ಗುತ್ತದೆ, ಆಗ ಮಣ್ಣಲ್ಲಿರುವ ಕಬ್ಬಿಣವನ್ನು ಬೇರು ಹೀರಲಾರದು. ಕೆಂಪು ಮಣ್ಣಿನಲ್ಲೇ ಕಬ್ಬಿಣದ ಕೊರತೆ! ಗೋಡೆಯಿಂದ ಮೂರು ಅಡಿ ಬಿಟ್ಟರೆ ಆ ತಂಟೆಯಿಲ್ಲ.

ಗೋರಂಟೆ, ಲಾವಂಚ, ಮಜ್ಜಿಗೆ ಹುಲ್ಲು ಕಣ್ಣು ಮುಚ್ಚಿ ನೆಡಬಹುದು. ಕಣಗಿಲೆ ಗಟ್ಟಿ, ಆದರೆ ಎಲೆ, ತೊಗಟೆ ಎಲ್ಲ ವಿಷ. ದನ ಬಾಯಿ ಹಾಕುವಲ್ಲಿ ಬೇಡ. ಗೌರಿ ಹೂವಿನದು ಬೇರೆಯೇ ಉಪಾಯ: ಮಳೆಗೆ ಚಿಗುರಿ, ಹಬ್ಬದ ಹೊತ್ತಿಗೆ ಹೂಬಿಟ್ಟು, ಬೇಸಿಗೆಯಿಡೀ ಗೆಡ್ಡೆಯಾಗಿ ಮಲಗುತ್ತದೆ. ಆಗ ನೀರೆರೆದರೆ ಗೆಡ್ಡೆ ಕೊಳೆತೀತು. ಅದನ್ನು ಮಕ್ಕಳ ಕೈಗೂ ಸಿಗದಂತೆ ನೋಡಿಕೊಳ್ಳಿ, ಅದೂ ವಿಷವೇ. ಸದಾಪುಷ್ಪ ಜುಲೈ ದಾಟುವುದು ಅದೃಷ್ಟ. ಅಕ್ಟೋಬರಿನಲ್ಲಿ ಬೀಜ ಹಾಕಿ ಬೇಸಿಗೆಯ ಹೂವೆಂದು ಬೆಳೆಸುವುದೇ ಜಾಣತನ. ಲೋಳೆಸರ ಕುಂಡದಲ್ಲಿರಲಿ, ಮಳೆಗಾಲಕ್ಕೆ ಜಗಲಿಗೆ ಬರಲಿ. ಲಂಟಾನ ಮಾತ್ರ ಬೇಡವೇ ಬೇಡ, ಕಾಡಿಗೆ ಹಬ್ಬಿರುವಷ್ಟೇ ಸಾಕು.

ನೆಡಲು ಮಘೆ, ಹುಬ್ಬೆ ಮಳೆಯ ಹೊತ್ತು, ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ಸರಿ. ಜಡಿಮಳೆ ತಗ್ಗಿರುತ್ತದೆ, ಹಿಂಗಾರು ಮುಗಿಯುವುದರೊಳಗೆ ಬೇರು ಇಳಿಯುತ್ತದೆ. ದೇವಕಣಗಿಲೆ ಮಾತ್ರ ಫೆಬ್ರವರಿ, ಮಾರ್ಚಿನಲ್ಲಿ. ಒಂದೂವರೆ ಅಡಿಯ ರೆಂಬೆ ಕಡಿದು, ಹಾಲು ಒಣಗಲು ವಾರ ನೆರಳಲ್ಲಿಟ್ಟು ನೆಡಬೇಕು. ಹಸಿ ಗಾಯ ಒದ್ದೆ ಮಣ್ಣಿಗೆ ತಾಗಿದರೆ ಕೊಳೆಯುತ್ತದೆ. ಮೊದಲ ಬೇಸಿಗೆಯಲ್ಲಿ ಗೌರಿ ಹೂವೊಂದು ಬಿಟ್ಟು ಎಲ್ಲಕ್ಕೂ ವಾರಕ್ಕೊಮ್ಮೆ ಬುಡಕ್ಕೆ ಒಂದು ಕೊಡ ನೀರು; ದಿನವೂ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ನವೆಂಬರಿನಲ್ಲಿ ಮೂರಿಂಚು ದರಕು (ಉದುರಿದ ಒಣ ಎಲೆ) ಹೊದಿಸಿ, ಗೆದ್ದಲಿನ ಭಯಕ್ಕೆ ಕಾಂಡದಿಂದ ನಾಲ್ಕಿಂಚು ಬಿಡಿ. ಮೇ ಕೊನೆಗೆ ಅದನ್ನು ಸರಿಸಿ, ಇಲ್ಲದಿದ್ದರೆ ಮಳೆಯಲ್ಲಿ ಬುಡ ಆರುವುದಿಲ್ಲ.

ಕಾಗದದ ಹೂವಿನ ಬಳ್ಳಿಗೆ ಇಷ್ಟೂ ಉಪಚಾರ ಬೇಡ. ಬೇರೂರಿದ ಮೇಲೆ ನೀರು, ಸಗಣಿ ಗೊಬ್ಬರ ಹೆಚ್ಚಾದರೆ ಅದು ಬರೀ ಎಲೆ ಬಿಡುತ್ತದೆ. ಜನವರಿಯಲ್ಲಿ ನೀರು ನಿಲ್ಲಿಸಿ, ಎಲೆ ತುಸು ಬಾಡಿದ ಮೇಲಷ್ಟೇ ಎರೆಯಿರಿ.