ತಲೆಯ ಗಾಯ ಮಾಯ್ದ ಮೇಲೂ ಉಳಿಯುವ ದಣಿವು

ಹುಬ್ಬಳ್ಳಿ–ಧಾರವಾಡ ಬೈಪಾಸ್‌ನಲ್ಲೋ ಹಾವೇರಿ ಕಡೆಯ ಹೆದ್ದಾರಿಯಲ್ಲೋ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರು ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಮರಳಿದ ಎಷ್ಟೋ ತಿಂಗಳ ನಂತರ, ಮನೆಯವರ ಬಾಯಲ್ಲಿ ಒಂದು ಮಾತು ಕೇಳಿಬರುತ್ತದೆ: 'ಪೆಟ್ಟಾದಾಗಿಂದ ಮನಷ್ಯಾ ಮೊದಲಿನಂಗ ಇಲ್ರೀ.' ಸದಾ ದಣಿವು, ಚಳಿ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಹೆಂಗಸರಲ್ಲಿ ಮುಟ್ಟು ನಿಲ್ಲುವುದು, ಗಂಡಸರಲ್ಲಿ ಕಾಮಾಸಕ್ತಿ ಕುಗ್ಗುವುದು. ಇದನ್ನು ಮೈಗಳ್ಳತನವೆಂದೋ ಅಪಘಾತದ ಅಂಜಿಕೆಯೆಂದೋ ತಳ್ಳಿಹಾಕುವುದುಂಟು. ಕೆಲವರಲ್ಲಿ ನಿಜವಾದ ಕಾರಣ, ದೇಹದ ಹಲವು ಹಾರ್ಮೋನುಗಳನ್ನು ಹತೋಟಿಯಲ್ಲಿಡುವ ಪಿಟ್ಯುಟರಿ ಗ್ರಂಥಿಯಲ್ಲಿರುತ್ತದೆ.

ಬಟಾಣಿ ಕಾಳಿನಷ್ಟು ದೊಡ್ಡದಾದ, ಸುಮಾರು ಅರ್ಧ ಗ್ರಾಂ ತೂಗುವ ಈ ಗ್ರಂಥಿ ಮಿದುಳಿನ ಕೆಳಗೆ, ಕುದುರೆಯ ಜೀನಿನ ಆಕಾರದ ಎಲುಬಿನ ಕುಳಿಯಲ್ಲಿ ಕುಳಿತಿದೆ. ಎಲುಬಿನ ರಕ್ಷಣೆಯೇನೋ ಭದ್ರವಾದದ್ದೇ. ಆದರೆ ಗ್ರಂಥಿಯನ್ನು ಮೇಲಿನ, ಅದಕ್ಕೆ ಸೂಚನೆ ಕಳಿಸುವ ಮಿದುಳಿನ ಭಾಗವಾದ ಹೈಪೊಥಲಾಮಸ್‌ಗೆ ಜೋಡಿಸುವುದು ತೆಳ್ಳಗಿನ ಒಂದು ತೊಟ್ಟು. ತಲೆ ರಭಸದಿಂದ ಅಲುಗಿದಾಗ ಆ ತೊಟ್ಟು ಜಗ್ಗಿ, ಅದರೊಳಗಿನ ಸೂಕ್ಷ್ಮ ರಕ್ತನಾಳಗಳು ಹರಿಯಬಹುದು. ಮಿದುಳು ಬಾತರೆ ಒತ್ತಡಕ್ಕೂ ಸಿಲುಕಬಹುದು. ಗ್ರಂಥಿಯ ಅಂಚಿನ ಜೀವಕೋಶಗಳು ಬಹುಮಟ್ಟಿಗೆ ಈ ನಾಳಗಳನ್ನೇ ನಂಬಿರುವುದರಿಂದ, ಅಲ್ಲಿ ತಯಾರಾಗುವ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಕೊರತೆಗೆ ಬೀಳುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಪೆಟ್ಟಾಗಿ ಐದು ತಿಂಗಳಾದರೂ ಕಳೆದವರ ಪೈಕಿ ಶೇ. 27ರಷ್ಟು ಮಂದಿಯಲ್ಲಿ ಒಂದಿಲ್ಲೊಂದು ಪಿಟ್ಯುಟರಿ ಹಾರ್ಮೋನಿನ ಕೊರತೆ ಕಂಡುಬಂದಿತ್ತು. ಪರೀಕ್ಷೆಯ ವಿಧಾನ ಬದಲಾದರೆ ಈ ಅಂಕಿಯೂ ಬದಲಾಗುತ್ತದೆಯಾದರೂ, ಸಮಸ್ಯೆ ಅಪರೂಪದ್ದಲ್ಲ.

ಇಲ್ಲೊಂದು ತೊಡಕಿದೆ. ಸುಸ್ತು ಎಂದು ಹೋದವರಿಗೆ ಸಾಮಾನ್ಯವಾಗಿ ಬರೆದುಕೊಡುವ ಥೈರಾಯ್ಡ್ ಪರೀಕ್ಷೆಯಲ್ಲಿ, ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ಒಂದನ್ನೇ ನೋಡುವುದು ವಾಡಿಕೆ. ಟಿಎಸ್‌ಎಚ್ ಹೊರಡುವುದೇ ಪಿಟ್ಯುಟರಿಯಿಂದ; ಥೈರಾಯ್ಡ್ ಕುಂದಿದರೆ ಸಾಮಾನ್ಯವಾಗಿ ಅದು ಏರುತ್ತದೆ. ಆದರೆ ಪಿಟ್ಯುಟರಿಗೇ ಪೆಟ್ಟಾಗಿದ್ದರೆ ಥೈರಾಯ್ಡ್ ಕುಂದಿದ್ದರೂ ಟಿಎಸ್‌ಎಚ್ ಏರುವುದಿಲ್ಲ, ಎಷ್ಟೋ ಸಲ 'ನಾರ್ಮಲ್' ಎಂದೇ ಬರುತ್ತದೆ. ಅದರ ಜೊತೆಗೆ ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು) ಮತ್ತು ಬೆಳಗಿನ ಎಂಟು-ಒಂಬತ್ತರ ಹೊತ್ತಿನ ಕಾರ್ಟಿಸಾಲ್ (ಪಿಟ್ಯುಟರಿಯ ಸೂಚನೆಯಂತೆ ಅಡ್ರಿನಲ್ ಗ್ರಂಥಿ ಸ್ರವಿಸುವ ಹಾರ್ಮೋನು) ನೋಡಬೇಕು. ಅದಕ್ಕೆ ವೈದ್ಯರಿಗೆ ಅನುಮಾನವಾದರೂ ಬರಬೇಕಷ್ಟೆ. ಎರಡು ವರ್ಷದ ಹಿಂದೆ ಬಿದ್ದದ್ದನ್ನು ಇಂದಿನ ಸುಸ್ತಿಗೆ ಜೋಡಿಸಿ ಹೇಳುವ ರೋಗಿಗಳು ಕಡಿಮೆ. ಹಳೆಯ ಡಿಸ್ಚಾರ್ಜ್ ಕಾರ್ಡನ್ನು ಜೊತೆಗೊಯ್ದರೆ ಅರ್ಧ ಕೆಲಸ ಆದಂತೆ.

ಕೊರತೆ ಖಚಿತವಾದರೆ ಆಯಾ ಹಾರ್ಮೋನನ್ನು ಔಷಧಿಯಾಗಿ ಕೊಡಬಹುದು, ಆದರೆ ಕ್ರಮ ತಪ್ಪಬಾರದು. ಕಾರ್ಟಿಸಾಲ್ ಕೊರತೆಯಿರುವಾಗ ಅದನ್ನು ಸರಿಪಡಿಸದೆ ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ ಮಾತ್ರೆ ಆರಂಭಿಸಿದರೆ ಜೀವಕ್ಕೇ ಅಪಾಯ. ಕಾರ್ಟಿಸಾಲ್ ಬದಲಿಗೆ ಕೊಡುವ ಹೈಡ್ರೊಕಾರ್ಟಿಸೋನ್ ಆರಂಭವಾದವರು ಅದನ್ನು ತಾವಾಗಿ ನಿಲ್ಲಿಸುವಂತಿಲ್ಲ. ಜ್ವರ ಬಂದಾಗ ಪ್ರಮಾಣವನ್ನು ಎಷ್ಟು ಹೆಚ್ಚಿಸಬೇಕೆಂಬುದನ್ನು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಬೇಕಾಗುತ್ತದೆ.