ಹದಿನಾರು ಮೈಕು, ಒಂದೇ ಕ್ಲಾಕು

ಯಕ್ಷಗಾನದ ಹಿಮ್ಮೇಳವನ್ನೂ ರಂಗದ ಮಾತನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿಯಲು ಹೊರಟರೆ ಎಂಟು ಮೈಕು ಸಾಲುವುದಿಲ್ಲ. ಮೈಕಿನ ಧ್ವನಿಯನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ ಇಂಟರ್‌ಫೇಸು, ಮೈಕಿನ ಸಿಗ್ನಲನ್ನು ಹಿಗ್ಗಿಸುವುದು ಪ್ರೀಆಂಪು. ಎಂಟು ಇನ್‌ಪುಟ್ಟಿನ ಇಂಟರ್‌ಫೇಸಿಗೆ ಇನ್ನೊಂದು ಎಂಟು ಚಾನೆಲ್ಲಿನ ಪ್ರೀಆಂಪನ್ನು, ಡಿಜಿಟಲ್ ಧ್ವನಿಯನ್ನು ಬೆಳಕಾಗಿ ಒಯ್ಯುವ ಅಡಾಟ್ ಆಪ್ಟಿಕಲ್ ಕೇಬಲಿನಿಂದ ಜೋಡಿಸುತ್ತೇವೆ. ಮೀಟರುಗಳು ಕುಣಿಯುತ್ತವೆ, ಕೆಲಸ ಮುಗಿಯಿತು ಅನ್ನಿಸುತ್ತದೆ. ಮುಗಿದಿರುವುದಿಲ್ಲ. ಎರಡು ಪೆಟ್ಟಿಗೆಯೊಳಗೂ, ಧ್ವನಿಯನ್ನು ಯಾವ ವೇಗದಲ್ಲಿ ಅಳೆಯಬೇಕೆಂದು ತಾಳ ಹಾಕುವ ಒಂದೊಂದು ಕ್ಲಾಕ್ ಇದೆ. ಹಾಗೆ ಅಳೆದ ಒಂದೊಂದು ಅಳತೆಯೇ ಸ್ಯಾಂಪಲ್. ಎರಡನ್ನೂ 48 ಕಿಲೋಹರ್ಟ್ಸಿಗೆ (ಸೆಕೆಂಡಿಗೆ 48,000 ಸ್ಯಾಂಪಲ್) ಇಟ್ಟರೂ ಅವು ಒಂದೇ ವೇಗದಲ್ಲಿ ಓಡುವುದಿಲ್ಲ. ವ್ಯತ್ಯಾಸ ಹತ್ತು ಲಕ್ಷಕ್ಕೆ 20 ಎಂದಿಟ್ಟುಕೊಳ್ಳಿ. ಅಷ್ಟಾದರೂ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸ್ಯಾಂಪಲ್ ಬಿಟ್ಟುಹೋಗುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ.

ಚೆಂಡೆ ಬಾರಿಸುವಾಗ ಇದು ಕೇಳಿಸುವುದೇ ಇಲ್ಲ. ಭಾಗವತರು ತಾಳವಿಲ್ಲದೆ ರಾಗ ಎಳೆಯುವಾಗ ಶ್ರುತಿಪೆಟ್ಟಿಗೆಯ ನಾದದ ಮೇಲೆ ಸಣ್ಣ ‘ಟಿಕ್’ ಬೀಳುತ್ತದೆ. ಮೈಕಿನ ವಯರು ಹಾಳಾಗಿದೆಯೆಂದು ವಯರು ಬದಲಿಸುತ್ತಾ ಕೂರುವುದು ಸಾಮಾನ್ಯ. ಅದಕ್ಕೆ ಮೊದಲು ಸಾಫ್ಟ್‌ವೇರಿನಲ್ಲಿ ಆ ಜಾಗವನ್ನು ಹಿಗ್ಗಿಸಿ ನೋಡಿ. ನುಣುಪಾದ ಅಲೆ ಒಂದು ಕಡೆ ಮೆಟ್ಟಿಲಿನಂತೆ ಜಿಗಿದಿರುತ್ತದೆ, ಅದೂ ಆಪ್ಟಿಕಲ್‌ನಿಂದ ಬಂದ 9ರಿಂದ 16ರವರೆಗಿನ ಟ್ರ್ಯಾಕುಗಳಲ್ಲೆಲ್ಲ ಒಂದೇ ಕ್ಷಣಕ್ಕೆ. ಒಂದು ಮೈಕಿನ ವಯರು ಎಂಟು ಟ್ರ್ಯಾಕನ್ನು ಒಟ್ಟಿಗೆ ಕೆಡಿಸಲಾರದು.

ಒಂದು ಪೆಟ್ಟಿಗೆ ಮಾಸ್ಟರ್ ಆಗಬೇಕು, ಮಿಕ್ಕದ್ದು ಅದನ್ನು ಅನುಸರಿಸಬೇಕು. ಅಡಾಟ್ ಕೇಬಲು ಧ್ವನಿಯ ಜೊತೆ ಕ್ಲಾಕನ್ನೂ ಒಯ್ಯುತ್ತದೆ, ಆದರೆ ಒಂದೇ ದಿಕ್ಕಿಗೆ. ಪ್ರೀಆಂಪಿನಲ್ಲಿ ಆಪ್ಟಿಕಲ್ ಔಟ್ ಬಿಟ್ಟು ಬೇರೇನೂ ಇಲ್ಲದಿದ್ದರೆ ಅದನ್ನು ಇಂಟರ್ನಲ್‌ಗೂ (ತನ್ನದೇ ಕ್ಲಾಕ್) ಇಂಟರ್‌ಫೇಸಿನ ಕ್ಲಾಕ್ ಸೋರ್ಸನ್ನು ಅಡಾಟ್‌ಗೂ ಇಡಿ. ಇದರಲ್ಲಿ ಒಂದು ಅಪಾಯವಿದೆ: ನಡುರಾತ್ರಿ ಯಾರದೋ ಕಾಲು ತಾಗಿ ಆ ಕೇಬಲು ಕಳಚಿದರೆ ಹದಿನಾರೂ ಟ್ರ್ಯಾಕಿಗೆ ಪೆಟ್ಟು. ಆದ್ದರಿಂದ ಪ್ರೀಆಂಪಿನಲ್ಲಿ ವರ್ಡ್ ಕ್ಲಾಕ್ ಇನ್ (ಕ್ಲಾಕನ್ನಷ್ಟೇ ಒಳತರುವ ಸಾಕೆಟ್) ಇದ್ದರೆ ಇಂಟರ್‌ಫೇಸನ್ನೇ ಮಾಸ್ಟರ್ ಮಾಡುವುದು ವಾಸಿ. ಅದಕ್ಕೆ ಹಾಕುವ ಬಿಎನ್‌ಸಿ ಕೇಬಲು 75 ಓಮ್‌ನದೇ ಆಗಿರಲಿ. ನೋಡಲು ಹಾಗೇ ಇರುವ 50 ಓಮ್ ಕೇಬಲು ಹಾಕಬೇಡಿ. ಕೊನೆಯ ಪೆಟ್ಟಿಗೆಯಲ್ಲಿ, ಸಿಗ್ನಲ್ ಹಿಂದಕ್ಕೆ ಪುಟಿಯದಂತೆ ತಡೆಯುವ 75 ಓಮ್ ಟರ್ಮಿನೇಷನ್ ಬೇಕು, ಒಂದೇ ಒಂದು. ಒಳಗೇ ಟರ್ಮಿನೇಷನ್ ಇರುವ ಪೆಟ್ಟಿಗೆಗೆ ಹೊರಗಿನಿಂದ ಮತ್ತೊಂದು ಸಿಕ್ಕಿಸಿದರೆ ಸಿಗ್ನಲ್ ಕುಗ್ಗಿ ಲಾಕ್ (ಬರುವ ಕ್ಲಾಕಿನ ಮೇಲಿನ ಹಿಡಿತ) ತಪ್ಪಬಹುದು. ಎರಡೇ ಪೆಟ್ಟಿಗೆಗೆ ಪ್ರತ್ಯೇಕ ಮಾಸ್ಟರ್ ಕ್ಲಾಕ್ ಕೊಳ್ಳುವ ಹಣವನ್ನು ಮೈಕಿಗೆ ಹಾಕಿ.

ಸ್ಯಾಂಪಲ್ ರೇಟ್ 48 ಸಾಕು, ವಿಡಿಯೋಗೆ ಹೊಂದುವುದೂ ಅದೇ. 96ಕ್ಕೆ ಏರಿಸಿದರೆ ಒಂದು ಆಪ್ಟಿಕಲ್ ಕೇಬಲಿನಲ್ಲಿ ಎಂಟರ ಬದಲು ನಾಲ್ಕೇ ಚಾನೆಲ್ ಬರುತ್ತದೆ. ಮೊದಲು ಎರಡು ಪೆಟ್ಟಿಗೆಯ ರೇಟ್, ಆಮೇಲೆ ಕ್ಲಾಕ್ ಸೋರ್ಸ್, ಲಾಕ್ ದೀಪ ಮಿನುಗುವುದನ್ನು ನಿಲ್ಲಿಸಿದ ಮೇಲೆ ಸಾಫ್ಟ್‌ವೇರ್. 44.1ರಲ್ಲಿ ಹಿಡಿದದ್ದನ್ನು 48ರಲ್ಲಿ ಓಡಿಸಿದರೆ ಹಾರ್ಮೋನಿಯಮ್ಮಿನ ಬಿಳಿ 1ರಲ್ಲಿ ಹಾಡಿದ್ದು ಕಪ್ಪು 1ಕ್ಕೂ ಬಿಳಿ 2ಕ್ಕೂ ನಡುವೆ ಹೋಗಿ ನಿಲ್ಲುತ್ತದೆ.

ದೀಪವನ್ನೊಂದೇ ನಂಬಬೇಡಿ. ಕೆಲವು ಇಂಟರ್‌ಫೇಸುಗಳ ಪ್ಯಾನೆಲ್ಲಿನಲ್ಲಿ ‘ಲಾಕ್’, ‘ಸಿಂಕ್’ ಎಂದು ಎರಡು ಸ್ಥಿತಿ ಕಾಣುತ್ತವೆ. ಸಿಗ್ನಲ್ ಸರಿಯಾಗಿ ಬರುತ್ತಿದೆ ಎಂಬುದಷ್ಟೇ ಲಾಕ್. ನಿಮ್ಮ ಕ್ಲಾಕಿನ ಜೊತೆಗೇ ಓಡುತ್ತಿದೆ ಎಂಬುದು ಸಿಂಕ್. ಆಟಕ್ಕೆ ಮೊದಲು ಪ್ರೀಆಂಪಿನ ಒಂದು ಚಾನೆಲ್ಲಿಗೆ 1 ಕಿಲೋಹರ್ಟ್ಸ್ ಟೋನ್ ಕೊಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿ ಸ್ಪೆಕ್ಟ್ರೋಗ್ರಾಮಿನಲ್ಲಿ (ಯಾವ ಹೊತ್ತಿಗೆ ಯಾವ ಸ್ವರವಿತ್ತೆಂದು ತೋರಿಸುವ ಚಿತ್ರ) ನೋಡಿ. ಒಂದು ಅಡ್ಡ ಗೆರೆ ಮಾತ್ರ ಇರಬೇಕು. ಅದನ್ನು ಸೀಳುವ ಲಂಬ ಗೆರೆಗಳು ಕಂಡರೆ ಕ್ಲಾಕ್ ಸೆಟ್ಟಿಂಗಿಗೆ ಮರಳಿ.

ಕ್ಯಾಮೆರಾ ಮಾತ್ರ ತನ್ನದೇ ಕ್ಲಾಕಿನಲ್ಲಿ ಓಡುತ್ತದೆ. ಟೈಮ್‌ಕೋಡ್ (ಪ್ರತಿ ಫ್ರೇಮಿಗೂ ಹೊತ್ತಿನ ಗುರುತು) ಕೊಟ್ಟರೆ ಎಲ್ಲಿ ಜೋಡಿಸಬೇಕೆಂದು ತಿಳಿಯುತ್ತದೆ, ವೇಗ ಸರಿಹೋಗುವುದಿಲ್ಲ. ಹತ್ತು ಲಕ್ಷಕ್ಕೆ ಅದೇ 20ರ ವ್ಯತ್ಯಾಸಕ್ಕೆ ಎಂಟು ಗಂಟೆಯಲ್ಲಿ 0.576 ಸೆಕೆಂಡು, ಸೆಕೆಂಡಿಗೆ 25 ಫ್ರೇಮಿನ ವಿಡಿಯೋದಲ್ಲಿ 14 ಫ್ರೇಮು, ತುಟಿಗೂ ಮಾತಿಗೂ ಅಂತರ ಬೀಳುತ್ತದೆ. ಶುರುವಿನಲ್ಲೊಂದು, ಮಂಗಳದ ನಂತರ ಇನ್ನೊಂದು ಚಪ್ಪಾಳೆ ಕ್ಯಾಮೆರಾದ ಮುಂದೆ ತಟ್ಟಿಸಿ. ಎರಡರ ನಡುವಿನ ಅಳತೆಗೆ ಮಿಕ್ಸನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ. ಇಷ್ಟು ಸಣ್ಣ ಬದಲಾವಣೆ ಶ್ರುತಿಯಲ್ಲಿ ಯಾರ ಕಿವಿಗೂ ತಿಳಿಯದು.