ಕಂದು ಅಂಚು, ಕೆಂಪು ಕಣ: ಪ್ರಾಸ್ಟೇಟ್ ತುಣುಕು ಕ್ಯಾನ್ಸರ್ ಅಲ್ಲ ಎಂದು ಹೇಳುವುದು ಹೇಗೆ?

ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಬಯಾಪ್ಸಿ ರಿಪೋರ್ಟಿನ ಕೊನೆಯಲ್ಲಿ ಕೆಲವೊಮ್ಮೆ ‘ಐಎಚ್‌ಸಿ ಮಾಡಿಸಿ’ ಎಂಬ ಸಲಹೆ ಇರುತ್ತದೆ. ಐಎಚ್‌ಸಿ ಅಂದರೆ ಇಮ್ಯುನೋಹಿಸ್ಟೋಕೆಮಿಸ್ಟ್ರಿ: ಒಂದೊಂದು ಪ್ರೋಟೀನಿಗೆ ಅಂಟುವ ಪ್ರತಿಕಾಯಗಳಿಂದ ತುಣುಕಿಗೆ ಬಣ್ಣ ಬರಿಸಿ ನೋಡುವ ಪರೀಕ್ಷೆ. ಓದಿದ ಮನೆಯವರಿಗೆ ಎದೆ ಝಲ್ ಎನ್ನುತ್ತದೆ. ಇಷ್ಟೆಲ್ಲಾ ಚುಚ್ಚಿ ತುಣುಕು ತೆಗೆದ ಮೇಲೂ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಲಾಗಲಿಲ್ಲವೇ? ಈ ಗೊಂದಲ ಇವತ್ತಿನದಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ ಗುರುತು ಎಂದು ಮೆರೆದ ಪ್ರೋಟೀನುಗಳು ಒಂದೊಂದಾಗಿ ನಿರುಪದ್ರವಿ ಪ್ರಾಸ್ಟೇಟಿನಲ್ಲೂ ಕಾಣಿಸಿಕೊಂಡಿವೆ.

ಮೊದಲು ಬಂದದ್ದು ಆ್ಯಸಿಡ್ ಫಾಸ್ಫಟೇಸ್ ಎಂಬ ಕಿಣ್ವ. ಕ್ಯಾನ್ಸರ್ ಮೂಳೆಗೆ ಹರಡಿದವರ ರಕ್ತದಲ್ಲಿ ಅದು ಏರುತ್ತದೆ ಎಂದು 1938ರಲ್ಲಿ ಗಟ್‌ಮನ್ ದಂಪತಿ ತೋರಿಸಿದರು. 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ಹಾರ್ಮೋನ್ ಚಿಕಿತ್ಸೆ ಫಲ ಕೊಡುತ್ತಿದೆಯೇ ಎಂದು ನೋಡಲು ಅದನ್ನೇ ಅಳೆದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಈ ಕಿಣ್ವವನ್ನು ಆರೋಗ್ಯವಂತ ಪ್ರಾಸ್ಟೇಟ್ ಕೂಡ ತಯಾರಿಸುತ್ತದೆ. ರೋಗ ಹರಡುವ ಮುನ್ನ ಅದರಿಂದ ಹೆಚ್ಚೇನೂ ತಿಳಿಯುತ್ತಿರಲಿಲ್ಲ.

ಆಮೇಲೆ ಬಂದದ್ದು ಪಿಎಸ್‌ಎ, ಪ್ರಾಸ್ಟೇಟ್ ತಯಾರಿಸುವ, ರಕ್ತದಲ್ಲಿ ಅಳೆಯಬಹುದಾದ ಇನ್ನೊಂದು ಪ್ರೋಟೀನ್. 1979ರಲ್ಲಿ ಅಮೆರಿಕದ ರೋಸ್‌ವೆಲ್ ಪಾರ್ಕ್ ಸಂಸ್ಥೆಯ ಮಿಂಗ್ ಚು ತಂಡ ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿತು. ಕ್ಯಾನ್ಸರ್ ರೋಗಿಗಳ ಮೇಲೆ ನಿಗಾ ಇಡಲು 1986ರಲ್ಲಿ, ಹೊಸದಾಗಿ ಪತ್ತೆ ಮಾಡಲು 1994ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ವೀರ್ಯವನ್ನು ತೆಳುವಾಗಿಸುವುದು ಇದರ ಸಹಜ ಕೆಲಸ. ಪ್ರಾಸ್ಟೇಟ್ ದೊಡ್ಡದಾದರೆ ರಕ್ತದಲ್ಲಿ ಪಿಎಸ್‌ಎ ಜಾಸ್ತಿಯಾಗುತ್ತದೆ, ಸೋಂಕು ತಗುಲಿದರೂ ಜಾಸ್ತಿಯಾಗುತ್ತದೆ. 60 ದಾಟಿದ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಪ್ರಾಸ್ಟೇಟ್ ಒಂದಿಷ್ಟು ಬೆಳೆದೇ ಇರುತ್ತದೆ. ಹಾಗಾಗಿ 4ರಿಂದ 10ರ ನಡುವೆ (ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ) ಪಿಎಸ್‌ಎ ಬಂದು ಬಯಾಪ್ಸಿ ಮಾಡಿಸಿಕೊಂಡವರಲ್ಲಿ ಸುಮಾರು ಕಾಲು ಭಾಗಕ್ಕೆ ಮಾತ್ರ ಕ್ಯಾನ್ಸರ್ ಸಿಗುತ್ತಿತ್ತು. 1970ರಲ್ಲೇ ಪ್ರಾಸ್ಟೇಟಿನ ಇಂಥ ಪ್ರೋಟೀನಿನ ಬಗ್ಗೆ ಬರೆದಿದ್ದ ರಿಚರ್ಡ್ ಆಬ್ಲಿನ್, 2010ರಲ್ಲಿ ಪತ್ರಿಕೆಯೊಂದರಲ್ಲಿ ಸಾಮೂಹಿಕ ಪಿಎಸ್‌ಎ ತಪಾಸಣೆಯನ್ನೇ ಕಟುವಾಗಿ ಟೀಕಿಸಿದರು.

ರಕ್ತಪರೀಕ್ಷೆಯ ಜಗಳ ಅಲ್ಲಿಗಿರಲಿ. ಹೆಚ್ಚು ಕುತೂಹಲದ ಕಥೆ ಇರುವುದು ಸೂಕ್ಷ್ಮದರ್ಶಕದ ಕೆಳಗೆ.

ನಿರುಪದ್ರವಿ ಬದಲಾವಣೆಗಳಲ್ಲಿ ತುಂಬಾ ಮೋಸ ಮಾಡುವುದು ಅಡೆನೋಸಿಸ್. ಪ್ರಾಸ್ಟೇಟಿನ ಒಳಗಿರುವ ಪುಟ್ಟ ಪುಟ್ಟ ಗ್ರಂಥಿಗಳು ಒತ್ತೊತ್ತಾಗಿ ಗುಂಪುಗಟ್ಟುತ್ತವೆ. ಮೂತ್ರನಾಳದ ಸುತ್ತ, ವಯಸ್ಸಾದಂತೆ ಪ್ರಾಸ್ಟೇಟ್ ಊದುವ ಭಾಗದಲ್ಲೇ ಇದು ಹೆಚ್ಚು. ಮೂತ್ರ ಕಟ್ಟಿದವರಿಗೆ ಒಳಗಿನಿಂದ ಪ್ರಾಸ್ಟೇಟ್ ಕೊರೆದು ತೆಗೆಯುತ್ತಾರಲ್ಲ, ಆ ಚೂರುಗಳಲ್ಲಿ ಆಗಾಗ ಸಿಗುತ್ತದೆ. ನೋಡಲು ಮಾತ್ರ ಥೇಟ್ ಕಡಿಮೆ ದರ್ಜೆಯ ಕ್ಯಾನ್ಸರಿನ ಹಾಗೆ.

ಎರಡನ್ನೂ ಬೇರೆ ಮಾಡುವುದು ಬೇಸಲ್ ಕೋಶಗಳು. ಪ್ರಾಸ್ಟೇಟಿನ ಪ್ರತಿ ಗ್ರಂಥಿಗೂ ಎರಡು ಸಾಲು ಕೋಶಗಳಿವೆ. ಒಳಸಾಲು ಸ್ರವಿಸುತ್ತದೆ, ಹೊರಸಾಲಿನಲ್ಲಿ ಬೇಸಲ್ ಕೋಶಗಳು ಬೇಲಿಯ ಹಾಗೆ ನಿಂತಿರುತ್ತವೆ. ಕ್ಯಾನ್ಸರ್ ಗ್ರಂಥಿಯಲ್ಲಿ ಈ ಹೊರಸಾಲು ಇರುವುದಿಲ್ಲ. ಇಷ್ಟು ಸುಲಭವಾಗಿದ್ದರೆ ತಕರಾರೇ ಇರುತ್ತಿರಲಿಲ್ಲ. ಮಾಮೂಲಿ ನೇರಳೆ-ಗುಲಾಬಿ ಬಣ್ಣ ಹಾಕಿದಾಗ ಈ ಚಪ್ಪಟೆ ಕೋಶಗಳು ಪಕ್ಕದ ನಾರಿನ ಕೋಶಗಳ ಜೊತೆ ಬೆರೆತು ಕಣ್ಣು ತಪ್ಪಿಸುತ್ತವೆ.

ದಾರಿ ತೆರೆದದ್ದು 1975ರಲ್ಲಿ. ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ಲ್ಯಾಬಿನಲ್ಲಿ ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೊಹ್ಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದರು. ಬೇಸಲ್ ಕೋಶದ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟುವ ‘34ಬೀಟಾಇ12’ ಎಂಬ ಪ್ರತಿಕಾಯ 80ರ ದಶಕದಲ್ಲಿ ಬಂತು. 1985ರಲ್ಲಿ ಬ್ರಾವರ್ ಮತ್ತು ಸಂಗಡಿಗರು ಇಂಥ ಕೆರಾಟಿನ್ ಬಣ್ಣಗಳಿಂದ ಪ್ರಾಸ್ಟೇಟನ್ನು ಪರೀಕ್ಷಿಸಿದರು. ನಿರುಪದ್ರವಿ ಗ್ರಂಥಿಗಳ ಸುತ್ತ ಕಂದು ಅಂಚು ಮೂಡಿತು, ಕ್ಯಾನ್ಸರ್ ಗ್ರಂಥಿಗಳ ಸುತ್ತ ಮೂಡಲಿಲ್ಲ. ಅದುವರೆಗೆ ಎಲ್ಲರೂ ಹುಡುಕುತ್ತಿದ್ದದ್ದು ಕ್ಯಾನ್ಸರಿನ ಗುರುತನ್ನು. ಇಲ್ಲಿ ಸಿಕ್ಕಿದ್ದು ‘ಕ್ಯಾನ್ಸರ್ ಅಲ್ಲ’ ಎನ್ನುವ ಗುರುತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ನಿಜವಾದ ತಿರುವು ಇದೇ. ಪಿಎಸ್‌ಎಗೆ ಸಿಕ್ಕ ಪ್ರಚಾರದ ನೂರರಲ್ಲಿ ಒಂದು ಪಾಲೂ ಇದಕ್ಕೆ ಸಿಗಲಿಲ್ಲ, ಅದು ಬೇರೆ ಮಾತು.

ತೊಡಕು ಇಲ್ಲೂ ಇತ್ತು. ಬಣ್ಣ ಬಂದರೆ ಸರಿ, ಬರದಿದ್ದರೆ? ತುಣುಕನ್ನು ಫಾರ್ಮಾಲಿನ್‌ನಲ್ಲಿ ಸರಿಯಾಗಿ ಇಟ್ಟಿಲ್ಲದಿದ್ದರೂ ಬಣ್ಣ ಹತ್ತದೆ ಹೋಗಬಹುದು. ಅದಕ್ಕೇ ಅದೇ ಸ್ಲೈಡಿನ ಪಕ್ಕದ ಸಾಮಾನ್ಯ ಗ್ರಂಥಿಗೆ ಬಣ್ಣ ಹತ್ತಿದೆಯೇ ಎಂದು ಮೊದಲು ನೋಡುತ್ತಾರೆ. ಅದಲ್ಲದೆ ಅಡೆನೋಸಿಸ್‌ನಲ್ಲಿ ಹೊರಸಾಲು ಅಲ್ಲಲ್ಲಿ ಹರಿದಿರುತ್ತದೆ. ಕೆಲವು ಗ್ರಂಥಿಗಳಲ್ಲಿ ಒಂದೂ ಬೇಸಲ್ ಕೋಶ ಕಾಣುವುದಿಲ್ಲ. ಹಾಗಾಗಿ ಒಂದು ಗ್ರಂಥಿಯನ್ನು ನೋಡಿ ತೀರ್ಪು ಕೊಟ್ಟರೆ ತಪ್ಪಾಗುತ್ತದೆ. ಇಡೀ ಗುಂಪನ್ನು ನೋಡಬೇಕು. ಅಂಚು ಇರುವ ಗ್ರಂಥಿಯ ಕೋಶಗಳೂ ಅಂಚಿಲ್ಲದ ಗ್ರಂಥಿಯ ಕೋಶಗಳೂ ಒಂದೇ ಥರ ಕಂಡರೆ ಅಡೆನೋಸಿಸ್ ಎಂದು ಹೇಳಲು ಧೈರ್ಯ ಬರುತ್ತದೆ.

2000ದಲ್ಲಿ ಎರಡು ಹೊಸ ಪ್ರೋಟೀನುಗಳು ರಂಗಕ್ಕೆ ಬಂದವು. ಒಂದು ಪಿ63. ಬೇಸಲ್ ಕೋಶದ ನ್ಯೂಕ್ಲಿಯಸ್‌ನಲ್ಲಿ (ಕೋಶಕೇಂದ್ರದಲ್ಲಿ) ಇರುವುದರಿಂದ ಚುಕ್ಕಿ ಇಟ್ಟಂತೆ ಸ್ಪಷ್ಟವಾಗಿ ಕಾಣುತ್ತದೆ. ಇದು ಇಲ್ಲದೆ ಹುಟ್ಟುವ ಇಲಿಮರಿಗಳಲ್ಲಿ ಪ್ರಾಸ್ಟೇಟೇ ಬೆಳೆಯುವುದಿಲ್ಲ ಎಂದು ಸಿನ್ಯೊರೆಟ್ಟಿ ಮತ್ತು ಸಂಗಡಿಗರು ತೋರಿಸಿದರು. ಇನ್ನೊಂದು ಪಿ504ಎಸ್, ಅಂದರೆ ಅಮಾಕಾರ್. ಕೆಲವು ಬಗೆಯ ಕೊಬ್ಬನ್ನು ಕರಗಿಸಲು ನೆರವಾಗುವ ಕಿಣ್ವ ಇದು. ಕ್ಯಾನ್ಸರ್ ಕೋಶಗಳಲ್ಲಿ ಹೇರಳ, ಸಾಮಾನ್ಯ ಗ್ರಂಥಿಗಳಲ್ಲಿ ಬಹುತೇಕ ಇಲ್ಲ. ಕೊನೆಗೂ ಕ್ಯಾನ್ಸರಿನ ಸ್ವಂತ ಗುರುತು ಸಿಕ್ಕಿತು ಎಂಬ ಉತ್ಸಾಹ ಹುಟ್ಟಿತು.

ಉತ್ಸಾಹ ಹೆಚ್ಚು ಕಾಲ ಉಳಿಯಲಿಲ್ಲ. 2002ರಲ್ಲೇ ಅಡೆನೋಸಿಸ್ ತುಣುಕುಗಳನ್ನು ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಅಮಾಕಾರ್ ಇರಲಿಲ್ಲ, ಆದರೆ ಕೆಲವುಗಳಲ್ಲಿ ಇತ್ತು. ಗ್ರಂಥಿ ಅರ್ಧ ಸೊರಗಿದ ಜಾಗಗಳಲ್ಲೂ ಅದು ಕಾಣಿಸಿತು. ಅತ್ತ ಕೆಲವು ಕ್ಯಾನ್ಸರುಗಳಲ್ಲಿ ಕಾಣಿಸಲೇ ಇಲ್ಲ.

ಅದಕ್ಕೇ ಈಗ ಹಲವು ಲ್ಯಾಬುಗಳಲ್ಲಿ ಮೂರನ್ನೂ ಬೆರೆಸಿ ಒಂದೇ ಸ್ಲೈಡಿಗೆ ಹಾಕುತ್ತಾರೆ. ಕೆರಾಟಿನ್ ಮತ್ತು ಪಿ63 ಕಂದು, ಅಮಾಕಾರ್ ಕೆಂಪು. ಕಂದು ಅಂಚಿಲ್ಲದೆ ಬರೀ ಕೆಂಪು ಕಂಡು, ಕೋಶಗಳ ರೂಪವೂ ಕೆಟ್ಟಿದ್ದರೆ ಕ್ಯಾನ್ಸರ್ ಕಡೆಗೆ ವಾಲುತ್ತದೆ. ಕೆಂಪಿನ ಜೊತೆ ಹರಿದ ಕಂದು ಅಂಚೂ ಇದ್ದರೆ ತುಣುಕು ಪರೀಕ್ಷಿಸುವ ಪೆಥಾಲಜಿಸ್ಟ್ ತಡೆದು ಯೋಚಿಸುತ್ತಾರೆ. ಬಣ್ಣ ಎಷ್ಟೇ ಇದ್ದರೂ ಮಾಮೂಲಿ ಸ್ಲೈಡಿನಲ್ಲಿ ಕಂಡ ರೂಪವೇ ಮೊದಲ ಸಾಕ್ಷಿ.

ಇನ್ನೊಂದು ವಿಷಯ ರಿಪೋರ್ಟಿನಲ್ಲಿ ಬರೆದಿರುವುದಿಲ್ಲ. ಸೂಜಿಯಲ್ಲಿ ತೆಗೆದ ತುಣುಕಿನಲ್ಲಿ ಅನುಮಾನದ ಜಾಗ ಕೂದಲೆಳೆಯಷ್ಟೇ ಇರುತ್ತದೆ. ಐಎಚ್‌ಸಿಗಾಗಿ ಮೇಣದ ಬ್ಲಾಕನ್ನು ಮತ್ತೆ ಕೊಯ್ದಾಗ ಆ ಜಾಗವೇ ಮುಗಿದುಹೋಗಿರಬಹುದು. ಹೀಗಾಗಬಾರದೆಂದು ಕೆಲವು ಲ್ಯಾಬುಗಳು ಮೊದಲ ಸಲ ಕೊಯ್ಯುವಾಗಲೇ ನಡುವಿನ ಕೆಲವು ಪದರಗಳನ್ನು ಬಣ್ಣ ಹಾಕದೆ ತೆಗೆದಿಡುತ್ತವೆ. ಹಾಗೆ ಇಟ್ಟಿಲ್ಲದಿದ್ದರೆ ಹೌದು ಎಂದೂ ಅಲ್ಲ ಎಂದೂ ಹೇಳದ ರಿಪೋರ್ಟೇ ಕೈಗೆ ಬರುತ್ತದೆ. ಆಗ ಪಿಎಸ್‌ಎ ಮೇಲೆ ಕಣ್ಣಿಟ್ಟು, ಎಂಆರ್‌ಐ ನೋಡಿ, ಬೇಕಾದರೆ ಇನ್ನೊಮ್ಮೆ ಬಯಾಪ್ಸಿ ಮಾಡಬೇಕಾಗುತ್ತದೆ.